ಕಾರ್ಡಿನ ಡಬ್ಬಿಯನ್ನು ನೋಡಿ ನಗಬೇಡಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಹಳೇ ಬೇಸ್‌ಬಾಲ್ ಕಾರ್ಡುಗಳ, ಅಂದರೆ ಆಟಗಾರರ ಚಿತ್ರವಿರುವ ಸಣ್ಣ ಕಾರ್ಡುಗಳ, ಬಗ್ಗೆ ಬಂದ ಬರಹ ಓದಿದೆ. 2022ರಲ್ಲಿ ಆಟಗಾರ ಮಿಕ್ಕಿ ಮ್ಯಾಂಟಲ್‌ನ 1952ರ ಟಾಪ್ಸ್ ಕಂಪನಿಯ ಕಾರ್ಡು 1.26 ಕೋಟಿ ಡಾಲರಿಗೆ ಹರಾಜಾದದ್ದನ್ನು ಹೇಳಿ, ಅಂಕ ಬರೆದ ಪ್ಲಾಸ್ಟಿಕ್ ಡಬ್ಬಿಗೆ ಇಷ್ಟೊಂದು ದುಡ್ಡೇ ಎಂದು ಲೇಖಕರು ನಕ್ಕಿದ್ದಾರೆ. ಬೆಲೆಯನ್ನು ನೋಡಿ ನಗಲಿ, ನನಗೂ ನಗು ಬರುತ್ತದೆ. ಡಬ್ಬಿಯ ವಿಷಯ ಮಾತ್ರ ಹಾಗಲ್ಲ. ಕಾರ್ಡನ್ನು ಪರೀಕ್ಷಿಸಿ, ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು ಮುಚ್ಚಿದ ಡಬ್ಬಿ ಅದು. ಈ ಕೆಲಸಕ್ಕೆ ಗ್ರೇಡಿಂಗ್ ಅನ್ನುತ್ತಾರೆ.

ನಾನು ದಾವಣಗೆರೆಯವನು. ಪಿಟ್ಸ್‌ಬರ್ಗಿಗೆ ಬಂದು ಬಹಳ ಕಾಲವಾಯಿತು. ಈ ಊರಲ್ಲಿದ್ದು ರಾಬರ್ಟೊ ಕ್ಲೆಮೆಂಟೆ ಹೆಸರು ಕೇಳದೆ ಇರಲು ಆಗುವುದಿಲ್ಲ. ಇಲ್ಲಿನ ಪೈರೇಟ್ಸ್ ಬೇಸ್‌ಬಾಲ್ ತಂಡಕ್ಕೆ ಆಡಿ ಸರಿಯಾಗಿ 3000 ಹಿಟ್ ಹೊಡೆದವರು. 1972ರ ಡಿಸೆಂಬರ್ 31ರಂದು, ನಿಕರಾಗುವಾದ ಭೂಕಂಪದಲ್ಲಿ ನೊಂದವರಿಗೆ ಸಾಮಾನು ಒಯ್ಯುವಾಗ ವಿಮಾನ ಬಿದ್ದು ತೀರಿಕೊಂಡರು. ಅವರ ಮೊದಲ ಟಾಪ್ಸ್ ಕಾರ್ಡು 1955ರದ್ದು, ಅಡ್ಡಕ್ಕೆ ಮುದ್ರಿಸಿದ್ದು, ಸಂಖ್ಯೆ 164. ನನ್ನ ಹತ್ತಿರ ಇರುವುದಕ್ಕೆ ಹತ್ತಕ್ಕೆ ಮೂರೇ ಅಂಕ. ಮೂಲೆಗಳು ಸವೆದು ದುಂಡಗಾಗಿವೆ, ಒಂದು ಮಡಿಕೆ ಇದೆ. ಆದರೂ ಅದು ಅಸಲಿ ಎಂದು ನನಗೆ ಪೂರ್ತಿ ನಂಬಿಕೆ.

ಯಾಕೆ ಅಂದರೆ, 1955ರಲ್ಲಿ ಇವು ಮಕ್ಕಳ ಆಟದ ಸಾಮಾನು. ರಬ್ಬರ್ ಬ್ಯಾಂಡ್ ಹಾಕಿ ಚಡ್ಡಿ ಜೇಬಿಗೆ ತುರುಕಿಕೊಳ್ಳುತ್ತಿದ್ದರು. ಅಂಥ ಕಾರ್ಡಿನ ಮೂಲೆ ಇವತ್ತು ಬ್ಲೇಡಿನಷ್ಟು ಚೂಪಾಗಿದ್ದರೆ ಎರಡೇ ಕಾರಣ. ಯಾರೋ ಪುಣ್ಯಾತ್ಮರು ಜೋಪಾನ ಮಾಡಿರಬೇಕು, ಇಲ್ಲವೇ ಯಾರೋ ಸವೆದ ಅಂಚನ್ನು ಕೂದಲೆಳೆಯಷ್ಟು ಕತ್ತರಿಸಿರಬೇಕು. ಕತ್ತರಿಸುವುದೊಂದೇ ಅಲ್ಲ. ಬಣ್ಣ ಹೋದ ಕಡೆ ಪೆನ್ನಿನಲ್ಲಿ ತುಂಬುತ್ತಾರೆ. ಮಡಿಕೆಯನ್ನು ಒತ್ತಿ ಮಟ್ಟ ಮಾಡುತ್ತಾರೆ. ಪೂರ್ತಿ ನಕಲಿ ಮುದ್ರಿಸಿ ಕಾಗದಕ್ಕೆ ಹಳೇ ಬಣ್ಣ ಕಟ್ಟುವವರೂ ಇದ್ದಾರೆ. ಕಾರ್ಡು ಮೇಳದ ಮೇಜಿನ ಮುಂದೆ ನಿಂತು, ಹಿಂದಿನವರು ತಳ್ಳುತ್ತಿರುವಾಗ, ಇದನ್ನೆಲ್ಲ ನನ್ನ ಕನ್ನಡಕ ಕಂಡುಹಿಡಿಯುತ್ತದಾ? ಇಂಟರ್‌ನೆಟ್ಟಿನಲ್ಲಿ ಕೊಂಡರಂತೂ ಸಿಗುವುದು ಒಂದು ಫೋಟೊ ಅಷ್ಟೇ.

ಗ್ರೇಡಿಂಗ್ ಕಂಪನಿಯವರು ಮೊದಲು ಕಾರ್ಡು ಅಸಲಿಯೇ ಎಂದು ನೋಡುತ್ತಾರೆ. ಅಳತೆ ಸರಿಯಿದೆಯೇ, ಅಂಚು ಕಾರ್ಖಾನೆಯದ್ದೇ ಎಂದು ಭೂತಗನ್ನಡಿ ಹಿಡಿಯುತ್ತಾರೆ. ಆಮೇಲೆ ಮೂಲೆ, ಅಂಚು, ಮೇಲ್ಮೈ, ಚಿತ್ರ ನಟ್ಟನಡುವೆ ಕೂತಿದೆಯೇ ಎಂಬುದನ್ನು ನೋಡಿ ಒಂದರಿಂದ ಹತ್ತರೊಳಗೆ ಅಂಕ. ಕತ್ತರಿಸಿದ್ದು ಗೊತ್ತಾದರೆ ಸಾಮಾನ್ಯವಾಗಿ ಅಂಕವೇ ಇಲ್ಲ. ಕೊನೆಗೆ ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ನಂಬರು ಹಾಕುತ್ತಾರೆ. ಇದನ್ನು ಇಲ್ಲಿ ಸ್ಲ್ಯಾಬ್ ಅನ್ನುತ್ತಾರೆ. ಒಡೆಯದೆ ಕಾರ್ಡು ಹೊರಗೆ ಬರುವುದಿಲ್ಲ. ನಮ್ಮಲ್ಲಿ ಬಂಗಾರಕ್ಕೆ ಹಾಲ್‌ಮಾರ್ಕ್ ಕೇಳುವುದಿಲ್ಲವೇ? ಹೆಚ್ಚುಕಡಿಮೆ ಹಾಗೇ. ಒಂದೇ ವ್ಯತ್ಯಾಸ, ಬಂಗಾರವನ್ನು ಯಂತ್ರದಲ್ಲಿ ಅಳೆಯಬಹುದು, ಇಲ್ಲಿ ಅಂಕ ಕೊಡುವುದು ಮನುಷ್ಯನ ಕಣ್ಣು.

ಆ ಕಣ್ಣೂ ತಪ್ಪುತ್ತದೆ. ದೊಡ್ಡ ಉದಾಹರಣೆ ನಮ್ಮೂರಿನ ಆಟಗಾರ ಹೋನಸ್ ವ್ಯಾಗ್ನರ್‌ನದ್ದೇ. 1909ರ ಸುಮಾರಿಗೆ ಸಿಗರೇಟ್ ಪ್ಯಾಕಿನ ಜೊತೆ ಬಂದ ಆತನ ಕಾರ್ಡುಗಳಲ್ಲಿ ಒಂದಕ್ಕೆ, 1991ರಲ್ಲಿ ಶುರುವಾದ ಪಿಎಸ್‌ಎ ಕಂಪನಿ ಎಂಟು ಅಂಕ ಕೊಟ್ಟಿತು. ಆ ಕಂಪನಿ ಗ್ರೇಡ್ ಮಾಡಿದ ಮೊಟ್ಟಮೊದಲ ಕಾರ್ಡೇ ಅದು. 2007ರಲ್ಲಿ 28 ಲಕ್ಷ ಡಾಲರಿಗೆ ಕೈ ಬದಲಾಯಿತು. 2013ರಲ್ಲಿ ಹರಾಜು ವ್ಯಾಪಾರಿ ಬಿಲ್ ಮ್ಯಾಸ್ಟ್ರೊ ಆ ಕಾರ್ಡಿನ ಅಂಚನ್ನು ತಾನೇ ಕತ್ತರಿಸಿದ್ದಾಗಿ ಒಪ್ಪಿಕೊಂಡ! ಇದು ನಿಮ್ಮ ಲೇಖಕರ ಕೈಗೆ ಸಿಕ್ಕಿದ್ದರೆ ಚೆನ್ನಾಗಿತ್ತು. ಇನ್ನೊಂದು ಮಾತೂ ಇದೆ. ಪಿಎಸ್‌ಎಗೆ ಪೈಪೋಟಿ ಕೊಡುತ್ತಿದ್ದ ಎಸ್‌ಜಿಸಿಯನ್ನು 2024ರಲ್ಲಿ ಪಿಎಸ್‌ಎಯ ಮಾಲೀಕ ಕಂಪನಿಯೇ ಕೊಂಡುಕೊಂಡಿತು. ಪರೀಕ್ಷೆ ಮಾಡುವವರೆಲ್ಲ ಒಂದೇ ಮನೆಯವರಾದರೆ ಒಬ್ಬರ ತಪ್ಪನ್ನು ಇನ್ನೊಬ್ಬರು ಯಾಕೆ ಹೇಳುತ್ತಾರೆ? ನನಗೆ ಇದೇ ಜಾಸ್ತಿ ಚಿಂತೆ.

ಇಷ್ಟಾದರೂ ಐವತ್ತರ ದಶಕದ ದುಬಾರಿ ಕಾರ್ಡನ್ನು ಗ್ರೇಡ್ ಇಲ್ಲದೆ ನಾನು ಕೊಳ್ಳುವುದಿಲ್ಲ. ನೂರು ಕಾರ್ಡಿನಲ್ಲಿ ಕೆಲವು ಮೋಸದವನ್ನು ಪರೀಕ್ಷಕರು ಹಿಡಿಯದೆ ಬಿಟ್ಟಿರಬಹುದು. ನಾನೇ ನೋಡಿದ್ದರೆ ಅದಕ್ಕಿಂತ ಎಷ್ಟೋ ಜಾಸ್ತಿ ಬಿಡುತ್ತಿದ್ದೆ. ನನ್ನ ನಂತರ ಮಗಳು ಮಾರುವುದಾದರೂ ಯಾರ ಮಾತನ್ನೋ ನಂಬಿಕೊಂಡು ಕೂರಬೇಕಾಗಿಲ್ಲ.

ಆದರೆ ನನಗೆ ಬೇಕಿರುವುದು ಅಸಲಿ ಎಂಬ ಮಾತು, ದೊಡ್ಡ ಅಂಕ ಅಲ್ಲ. ಒಂಬತ್ತಕ್ಕೂ ಹತ್ತಕ್ಕೂ ಬರಿಗಣ್ಣಿಗೆ ಏನೂ ವ್ಯತ್ಯಾಸ ಕಾಣುವುದಿಲ್ಲ, ಬೆಲೆ ಮಾತ್ರ ಎಷ್ಟೋ ಪಟ್ಟು ಏರುತ್ತದೆ. ಹೋದ ವಾರ ಪ್ಯಾಕ್ ಒಡೆದು ತೆಗೆದ ಹೊಸ ಕಾರ್ಡನ್ನೂ ಸುಮ್ನೆ ಹತ್ತರ ಆಸೆಗೆ ಗ್ರೇಡಿಂಗಿಗೆ ಕಳಿಸುವವರಿದ್ದಾರೆ. ಲೇಖಕರು ಅವರನ್ನು ನೋಡಿ ಎಷ್ಟು ಬೇಕಾದರೂ ನಗಲಿ, ನಾನೂ ಜೊತೆಗೆ ಕೂರುತ್ತೇನೆ.

ಇಂತಿ,
ದಾವಣಗೆರೆ ಮೂಲದ ಓದುಗ,
ಪಿಟ್ಸ್‌ಬರ್ಗ್, ಅಮೆರಿಕ