ದೀಪಾವಳಿಗಲ್ಲ, ಯುಗಾದಿಗೆ ಬರುತ್ತೇವೆ

ಸ್ಯಾನ್ ಆಂಟೋನಿಯೊ, ಟೆಕ್ಸಾಸ್

ಅವ್ವ, ಅಪ್ಪಾಜಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾವಿಬ್ಬರೂ ಆರಾಮಾಗಿದ್ದೇವೆ. ಅವ್ವ, ದೀಪಾವಳಿಗೆ ಅಳಿಯನನ್ನು ಕರ್ಕೊಂಡು ಬಾ ಅಂತ ಪ್ರತಿ ಸಲ ಫೋನಲ್ಲಿ ಹೇಳುತ್ತೀಯ. ದಾವಣಗೆರೆಗೆ ಮೊದಲ ಸಲ ಬರುವ ಅಳಿಯ, ನಿನ್ನ ಆಸೆ ಗೊತ್ತು. ಆದರೂ ಯುಗಾದಿಗೆ ಬರುತ್ತೇವೆ. ಫೋನ್ ಮಾಡಿದಾಗ ನಿನ್ನ ಪಕ್ಕ ಯಾರಾದರೂ ಇದ್ದೇ ಇರುತ್ತಾರೆ, ಅದಕ್ಕೇ ಕಾರಣ ಬರೆಯುತ್ತಿದ್ದೇನೆ.

ಇವರು ಅಮೆರಿಕದ ಸೇನೆಯಲ್ಲಿದ್ದಾಗ ಅಫ್ಘಾನಿಸ್ತಾನದ ಕಂದಹಾರ್ ಕಡೆ ಇದ್ದರು. ಅಲ್ಲಿ ರಸ್ತೆ ಬದಿಯ ಮಣ್ಣಿನಲ್ಲಿ, ಕಸದ ಗುಡ್ಡೆಯಲ್ಲಿ ಬಾಂಬ್ ಅಡಗಿಸಿಡುತ್ತಿದ್ದರು. ಜೊತೆಗಾರರು ಕಣ್ಣೆದುರೇ ಹೋದರು. ವಾಪಸ್ ಬಂದು ವರ್ಷಗಳಾದರೂ ಇವರ ಮೈ ಇನ್ನೂ ಕಾವಲಿನಲ್ಲೇ ಇದೆ. ಕಾರು ಓಡಿಸುವಾಗ ರಸ್ತೆ ಪಕ್ಕ ಒಂದು ಪ್ಲಾಸ್ಟಿಕ್ ಚೀಲ ಕಂಡರೂ ಸಾಕು, ಸ್ಟೇರಿಂಗ್ ಹಿಡಿದ ಕೈ ಬಿಗಿಯಾಗುತ್ತದೆ, ಮಾತು ನಿಲ್ಲುತ್ತದೆ. ಆಗ ನಾನು ಏನೂ ಕೇಳುವುದಿಲ್ಲ. ಸ್ವಲ್ಪ ದೂರ ಹೋದ ಮೇಲೆ ಅವರೇ ಮಾತಿಗೆ ಬರುತ್ತಾರೆ.

ಇದಕ್ಕೆ ಪಿಟಿಎಸ್‌ಡಿ ಅನ್ನುತ್ತಾರೆ, ದೊಡ್ಡ ಆಘಾತ ಕಂಡ ಮೇಲೆ ಮನಸ್ಸಿಗೆ ಅಂಟಿಕೊಳ್ಳುವ ಕಾಯಿಲೆ. ವಿಯೆಟ್ನಾಂ ಯುದ್ಧದಿಂದ ಬಂದ ಸೈನಿಕರ ಪಾಡು ನೋಡಿದ ಮೇಲೆ, 1980ರಲ್ಲಿ ಇಲ್ಲಿನ ಮನೋವೈದ್ಯರು ಇದನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದರು. ಹುಚ್ಚಲ್ಲ ಅವ್ವ. ಗಾಳಿ, ದೃಷ್ಟಿ ಯಾವುದೂ ಅಲ್ಲ. ತಾಯಿತ ಕಟ್ಟಿಸುವುದು ಬೇಡ.

ಚಿಕಿತ್ಸೆ ನಡೆಯುತ್ತಿದೆ. ವಾರಕ್ಕೊಮ್ಮೆ ಒಂದೂವರೆ ಗಂಟೆ. ಕಣ್ಣು ಮುಚ್ಚಿ, ಆ ದಿನ ನಡೆದದ್ದನ್ನು ಈಗಲೇ ನಡೆಯುತ್ತಿರುವ ಹಾಗೆ ಬಾಯಿಬಿಟ್ಟು ಹೇಳಬೇಕು. ಅದನ್ನೇ ಮತ್ತೆ ಮತ್ತೆ. ರೆಕಾರ್ಡ್ ಮಾಡಿಕೊಂಡು ಬಂದು ಮನೆಯಲ್ಲೂ ಕೇಳಬೇಕು. ತಪ್ಪಿಸಿಕೊಂಡಷ್ಟೂ ಆ ನೆನಪು ಬೆನ್ನು ಹತ್ತುತ್ತದೆ, ಕೇಳಿ ಕೇಳಿ ಅದರ ಹಿಡಿತ ಸಡಿಲವಾಗುತ್ತದೆ. ಚಿಕಿತ್ಸೆಯ ದಿನ ಇವರು ಹಿಂಡಿದ ಬಟ್ಟೆಯ ಹಾಗೆ ಬರುತ್ತಾರೆ. ನಾನು ರೊಟ್ಟಿ ಬಡಿದು, ಸುಮ್ನೆ ಪಕ್ಕದಲ್ಲಿ ಕೂತು ಉಣ್ಣುತ್ತೇನೆ. ಡಾಕ್ಟರ್ ಆಗಲು ಹೋಗುವುದಿಲ್ಲ. ನನಗೂ ಕೆಲವು ರಾತ್ರಿ ಬಹಳ ಕಷ್ಟ. ಸೈನಿಕರ ಮನೆಯವರಿಗಂತಲೇ ಒಂದು ಗುಂಪು ಸೇರುತ್ತದೆ, ಅಲ್ಲಿ ಹೇಳಿಕೊಂಡು ಹಗುರಾಗುತ್ತೇನೆ.

ಶಬ್ದ ಮೊದಲೇ ಗೊತ್ತಿದ್ದರೆ ಇವರು ಹೇಗೋ ತಡೆದುಕೊಳ್ಳುತ್ತಾರೆ. ಹೇಳದೆ ಕೇಳದೆ ಸಿಡಿದರೆ ಆಗುವುದಿಲ್ಲ. ಇಲ್ಲೂ ಸ್ವಾತಂತ್ರ್ಯ ದಿನ, ಜುಲೈ 4ರಂದು ಪಟಾಕಿ ಜಾಸ್ತಿ, ನಾವು ಊರಾಚೆ ಹೋಗಿಬಿಡುತ್ತೇವೆ. ನಮ್ಮ ಬೀದಿಯ ದೀಪಾವಳಿ ನಿಮಗೇ ಗೊತ್ತಲ್ವಾ?

ಅಪ್ಪಾಜಿ, ಯುದ್ಧದ ವಿಷಯ ನೀವಾಗಿ ಎತ್ತಬೇಡಿ. ಎಷ್ಟು ಜನರನ್ನು ಕೊಂದಿರಿ ಅಂತ ಹುಡುಗರು ಕೇಳದ ಹಾಗೆ ನೋಡಿಕೊಳ್ಳಿ. ಮಲಗಿದ್ದಾಗ ಮೈ ಮುಟ್ಟಿ ಎಬ್ಬಿಸಬಾರದು, ಬಾಗಿಲಲ್ಲೇ ನಿಂತು ಕರೆಯಿರಿ. ಬೆಣ್ಣೆ ದೋಸೆಗೆ ಬೆಳಗ್ಗೆ ಬೇಗ ಹೋಗೋಣ, ಹಳೇ ಪಿ.ಬಿ. ರಸ್ತೆಯಲ್ಲಿ ಹಾರನ್ ಶುರುವಾಗುವ ಮೊದಲು. ಹೋಟೆಲಲ್ಲಿ ಗೋಡೆಗೆ ಬೆನ್ನು, ಬಾಗಿಲಿಗೆ ಮುಖ ಇರುವ ಜಾಗ ಅವರಿಗೆ ಬಿಡಿ. ಇಷ್ಟು ಸಾಕು. ಉಳಿದಂತೆ ಎಲ್ಲ ಅಳಿಯಂದಿರ ಹಾಗೇ ನೋಡಿಕೊಳ್ಳಿ, ಕನಿಕರ ಬೇಡ.

ಇನ್ನೊಂದು ಮಾತು ಅವ್ವ. ಹಿಂದಿನ ಬೀದಿಯಲ್ಲಿ ಕಾರ್ಗಿಲ್‌ಗೆ ಹೋಗಿ ಬಂದವರು ಇದ್ದಾರಲ್ಲ, ರಾತ್ರಿ ಚೀರುತ್ತಾರೆ ಅಂತ ಜನ ಆಡಿಕೊಳ್ಳುತ್ತಿದ್ದರು. ಅವರ ಹೆಂಡತಿಗೆ 14416 ನಂಬರ್ ಕೊಡು. ಟೆಲಿ ಮಾನಸ್ ಅಂತ, ಮನಸ್ಸಿನ ಕಷ್ಟ ಹೇಳಿಕೊಳ್ಳಲು ಸರ್ಕಾರದ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು. ಬೇರೆಯವರ ಕೈಲಿ ಕಳಿಸಬೇಡ, ಅವರೊಬ್ಬರೇ ಇದ್ದಾಗ ನೀನೇ ಹೋಗಿ ಕೊಡು.

ನಿಮ್ಮ ಮಗಳು