ಗುಂಡನೊಂದಿಗೆ ಬಯಲು ದಾಟುವ ಮುನ್ನ

ಒಮಾಹಾ

ಚಿರಂಜೀವಿ ಸೌಭಾಗ್ಯವತಿ ವಿದ್ಯಾಳಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ಇಲ್ಲಿ ನಾವಿಬ್ಬರೂ ಕ್ಷೇಮ. ನಿಮ್ಮ ಕ್ಷೇಮಕ್ಕೆ ಬರೆಯುತ್ತಿರು.

ನೀನೂ ಅಳಿಯಂದಿರೂ ಬಾಡಿಗೆಯ ಆರ್‌ವಿಯಲ್ಲಿ (ಒಳಗೇ ವಾಸಿಸಬಹುದಾದ ಮನೆಯಂಥ ಗಾಡಿ) ನಿಮ್ಮ ನಾಯಿ ಗುಂಡನನ್ನು ಕರೆದುಕೊಂಡು, ಮಿನಿಯಾಪೊಲಿಸ್‌ನಿಂದ ಸೌತ್ ಡಕೋಟಾದ ಬಯಲು ದಾಟಿ ಬ್ಲ್ಯಾಕ್ ಹಿಲ್ಸ್ ಬೆಟ್ಟಗಳವರೆಗೆ ಹೋಗಿಬರುತ್ತೀರೆಂದು ತಿಳಿದು ಸಂತೋಷವಾಯಿತು. ಆದರೆ ಮೊದಲ ದಿನವೇ 500 ಮೈಲಿಗೂ ಹೆಚ್ಚು ಓಡಿಸಿ ವಾಲ್ ಊರನ್ನು ಸೇರುವುದಾಗಿ ನಿನ್ನ ಪಟ್ಟಿಯಲ್ಲಿ ಕಂಡಾಗ, ಈ ಪತ್ರವನ್ನು ಬರೆಯದೆ ಇರಲಾಗಲಿಲ್ಲ. ಆ ಪಟ್ಟಿಯನ್ನು ನೀವು ನಿಮ್ಮ ಕಾರಿನ ಲೆಕ್ಕದಲ್ಲಿ ಮಾಡಿದ್ದೀರಿ. ದಯವಿಟ್ಟು ಅದನ್ನು ಗುಂಡನ ಲೆಕ್ಕದಲ್ಲಿ ಮತ್ತೊಮ್ಮೆ ಮಾಡಿ.

ಸೌತ್ ಡಕೋಟಾದ ಐ-90 ಹೆದ್ದಾರಿಯಲ್ಲಿ ಗಂಟೆಗೆ 80 ಮೈಲಿಯವರೆಗೆ ಓಡಿಸಬಹುದಾದರೂ ನೀವು ಅರವತ್ತರ ಆಸುಪಾಸಿನಲ್ಲೇ ಇರಿ. ಆರ್‌ವಿಯ ಪಕ್ಕವೆಂದರೆ ಒಂದು ಗೋಡೆ. ಗದಗದ ಕಪ್ಪತಗುಡ್ಡದ ಗಾಳಿಯಲ್ಲಿ ಬೆಳೆದ ನನಗೂ ಈ ಬಯಲಿನ ಅಡ್ಡಗಾಳಿ ಹೊಸದಾಗಿತ್ತು: ದೊಡ್ಡ ಟ್ರಕ್ಕೊಂದು ಪಕ್ಕದಲ್ಲಿ ಹಾದುಹೋಗುವಾಗ ಗಾಳಿ ಒಮ್ಮೆಲೇ ನಿಂತು, ಅದು ಮುಂದೆ ಸರಿದ ಕೂಡಲೇ ಮತ್ತೆ ಬಂದು ಗಾಡಿಯನ್ನು ತಳ್ಳುತ್ತದೆ. ಆಗ ಗುಂಡ ಯಾರ ತೊಡೆಯ ಮೇಲೂ ಇರಬಾರದು; ಎದೆಪಟ್ಟಿ ತೊಡಿಸಿ ಸೀಟಿಗೆ ಕಟ್ಟಿರಬೇಕು. ಮೊದಲ ರಾತ್ರಿ ದಾರಿಯಲ್ಲಿ ಸಿಗುವ ಮಿಚೆಲ್ ಊರಿನಲ್ಲೇ ತಂಗಿ, ಬಣ್ಣಬಣ್ಣದ ಜೋಳದ ತೆನೆಗಳಿಂದ ಸಿಂಗರಿಸಿದ ಕಾರ್ನ್ ಪ್ಯಾಲೇಸನ್ನು ನೋಡಿ. ಮರುದಿನ ಚೇಂಬರ್ಲೇನ್‌ನಲ್ಲಿ ಮಿಸೌರಿ ನದಿ ದಾಟಿದ ಮೇಲೆ ಹೊಲಗಳು ವಿರಳವಾಗಿ ಹುಲ್ಲುಗಾವಲು ಹೆಚ್ಚುತ್ತಾ ಹೋಗುವುದನ್ನು ಗಮನಿಸಲು ನಿಮಗೆ ಪುರುಸೊತ್ತಿರಲಿ.

ಇನ್ನು ಮುಖ್ಯವಾದ ಮಾತು. ಬ್ಯಾಡ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದಲ್ಲಿ ನಾಯಿಗಳನ್ನು ರಸ್ತೆ, ವಾಹನ ನಿಲ್ಲಿಸುವ ಜಾಗ ಮತ್ತು ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಮಾತ್ರ ಬಿಡುತ್ತಾರೆ, ಕಾಲುದಾರಿಗಳಿಗೆ ಬಿಡುವುದಿಲ್ಲ. ಹಿಂದೊಮ್ಮೆ ಆಗಸ್ಟಿನಲ್ಲಿ ನಾನೂ ನಿನ್ನ ಅತ್ತೆಯೂ ನಮ್ಮ ನಾಯಿ ಬ್ರೌನಿಯನ್ನು ಆರ್‌ವಿಯೊಳಗೆ ಎ.ಸಿ. ಹಾಕಿ ಬಿಟ್ಟು ನಡೆಯಲು ಹೋದೆವು. 30 ಆಂಪಿಯರ್‌ನ ಒಂದೇ ವಿದ್ಯುತ್ ಸಂಪರ್ಕದ ಮೇಲೆ ಎ.ಸಿ., ನೀರು ಕಾಯಿಸುವ ಹೀಟರ್ ಮತ್ತು ಫ್ರಿಜ್ ಮೂರನ್ನೂ ನಾನು ಚಾಲೂ ಇಟ್ಟಿದ್ದೆ, ಬ್ರೇಕರ್ ಬಿದ್ದು ಎ.ಸಿ. ನಿಂತುಹೋಯಿತು. ಅತ್ತೆಗೆ ಮೊಣಕಾಲು ನೋವೆಂದು ಅರ್ಧ ದಾರಿಯಿಂದಲೇ ಮರಳಿದ್ದರಿಂದ ಬ್ರೌನಿ ಬದುಕಿತು. ಬಾಗಿಲು ತೆಗೆದಾಗ ಅದು ಎದ್ದು ನಿಲ್ಲಲಾರದೆ ನಾಲಿಗೆ ಚಾಚಿ ಮಲಗಿತ್ತು. ತಪ್ಪು ಪೂರ್ತಿ ನನ್ನದು, ಎಷ್ಟೋ ವರ್ಷ ಅದನ್ನು ಯಾರಿಗೂ ಹೇಳಿರಲಿಲ್ಲ. ಆದ್ದರಿಂದ ಹೀಟರನ್ನೂ ಫ್ರಿಜ್ಜನ್ನೂ ಸಾಧ್ಯವಿದ್ದಲ್ಲಿ ಗ್ಯಾಸಿನ ಮೇಲೆ ನಡೆಸಿ. ಗಾಡಿಯ ಒಳಗಿನ ಉಷ್ಣತೆಯನ್ನು ಫೋನಿಗೆ ತಿಳಿಸುವ ಸಾಧನವಿದೆ ಎಂದು ಅಳಿಯಂದಿರು ಹೇಳಬಹುದು; ಫೋನಿಗೆ ಸಿಗ್ನಲ್ ಸಿಗದ ಕಣಿವೆಯಲ್ಲಿ ಅದರಿಂದ ಪ್ರಯೋಜನವಿಲ್ಲ. ಒಬ್ಬರು ನಡೆಯಲು ಹೋದರೆ ಇನ್ನೊಬ್ಬರು ಗುಂಡನೊಡನೆ ಇರಿ.

ಗುಂಡ ವಾಸನೆ ಹಿಡಿದು ಬೇಟೆಯಾಡುವ ಬೀಗಲ್ ತಳಿಯವನಾದ್ದರಿಂದ ಪ್ರೇರಿ ಡಾಗ್‌ಗಳ (ನೆಲದಲ್ಲಿ ಬಿಲ ತೋಡುವ ಅಳಿಲಿನ ಜಾತಿಯ ಪ್ರಾಣಿ) ಬಿಲ ಕಂಡರೆ ಮೂಗು ತೂರಿಸದೆ ಇರಲಾರ. ಆ ಪ್ರಾಣಿಗಳ ಚಿಗಟಗಳಿಂದ ಪ್ಲೇಗ್ ಹರಡುತ್ತದೆ. 2008ರಲ್ಲಿ ಆ ಸೀಮೆಯಲ್ಲೇ ಅದು ಕಾಣಿಸಿಕೊಂಡಿತ್ತು. ಹೊರಡುವ ಮೊದಲೇ ಚಿಗಟದ ಔಷಧಿ ಹಾಕಿಸಿ, ಆರಡಿಗಿಂತ ಉದ್ದದ ಹಗ್ಗ ಬೇಡ. ಹುಲ್ಲಿನಲ್ಲಿ ಬುಡುಬುಡಿಕೆ ಹಾವುಗಳೂ ಇರುತ್ತವೆ. ಪ್ರತಿ ಸಂಜೆ ಅವನ ಬೆರಳುಗಳ ಸಂದು ಮತ್ತು ಕಿವಿಗಳನ್ನು ನೋಡಿ, ಏಕೆಂದರೆ ಅಲ್ಲಿಯ ಫಾಕ್ಸ್‌ಟೇಲ್ ಹುಲ್ಲಿನ ಮುಳ್ಳುತೆನೆ ಒಮ್ಮೆ ಹೊಕ್ಕರೆ ಒಳಗೊಳಗೇ ಸರಿಯುತ್ತದೆಯೇ ಹೊರತು ಹಿಂದಕ್ಕೆ ಬರುವುದಿಲ್ಲ.

ಸುಂಟರಗಾಳಿಯ ಮುನ್ನೆಚ್ಚರಿಕೆಯನ್ನು ರೇಡಿಯೋದಲ್ಲಿ ಕೌಂಟಿಯ (ನಮ್ಮ ಜಿಲ್ಲೆಯಂಥದು) ಹೆಸರು ಹಿಡಿದು ಹೇಳುತ್ತಾರೆ. ನೀವಿರುವ ಕೌಂಟಿ ಯಾವುದೆಂದು ಗೊತ್ತಿರದಿದ್ದರೆ ಕೇಳಿಯೂ ಕೇಳದಂತೆ. ಪ್ರತಿ ರಾತ್ರಿ ಆ ಹೆಸರನ್ನೂ, ಹತ್ತಿರದ ಗಟ್ಟಿ ಕಟ್ಟಡ ಯಾವುದೆಂಬುದನ್ನೂ ಬರೆದಿಟ್ಟುಕೊಂಡು ಮಲಗಿ. 'ವಾಚ್' ಎಂದರೆ ಸುಂಟರಗಾಳಿ ಬರಬಹುದು. 'ವಾರ್ನಿಂಗ್' ಎಂದರೆ ಗುಂಡನನ್ನು ಎತ್ತಿಕೊಂಡು ಕೂಡಲೇ ಆರ್‌ವಿ ಬಿಟ್ಟು ಆ ಕಟ್ಟಡಕ್ಕೆ ಹೋಗಬೇಕು. ಬ್ಲ್ಯಾಕ್ ಹಿಲ್ಸ್‌ನ ನೀಡಲ್ಸ್ ಹೆದ್ದಾರಿಯಲ್ಲಿ ಒಂದು ಸುರಂಗದ ಅಗಲ ಬರೀ ಎಂಟು ಅಡಿಯಷ್ಟು. ಆ ದಾರಿಗೆ ಆರ್‌ವಿಯನ್ನು ಒಯ್ಯಲೇಬೇಡಿ. ಶೌಚದ ಟ್ಯಾಂಕ್ ಖಾಲಿ ಮಾಡುವ ವಿದ್ಯೆಯನ್ನು ಅಳಿಯಂದಿರೇ ಕಲಿಯಲಿ, ಕೈಗವಸು ಮಾತ್ರ ಮರೆಯದಿರಲಿ.

ನೀವು ಯೋಚಿಸಿರುವ ಆಗಸ್ಟ್ ಮೊದಲ ವಾರದ ಬದಲು ಸೆಪ್ಟೆಂಬರ್ ನಡುವಿನಲ್ಲಿ ಹೊರಟರೆ ಒಳ್ಳೆಯದು. 1938ರಿಂದ ನಡೆದುಬಂದಿರುವ ಸ್ಟರ್ಜಿಸ್ ಮೋಟಾರ್‌ಸೈಕಲ್ ಜಾತ್ರೆ ಆಗಸ್ಟಿನಲ್ಲೇ ಸೇರುವುದರಿಂದ ಆಗ ತಂಗುವ ಜಾಗ ಸಿಗುವುದು ಕಷ್ಟ. ಬಿಸಿಲಂತೂ ನಾಯಿಯ ಪಾದ ಸುಡುವಷ್ಟಿರುತ್ತದೆ.

ಈ ಪತ್ರದ ಜೊತೆಗೆ ನಿನ್ನ ಅತ್ತೆ ಖಡಕ್ ರೊಟ್ಟಿಯನ್ನೂ ಶೇಂಗಾ ಚಟ್ನಿಪುಡಿಯನ್ನೂ ಕಳಿಸಿದ್ದಾಳೆ. ಪುಡಿಯಲ್ಲಿ ಬೆಳ್ಳುಳ್ಳಿಯಿದೆ, ಅದು ನಾಯಿಗೆ ವಿಷ. ಗುಂಡ ಎಷ್ಟೇ ಬೇಡಿದರೂ ಬರೀ ರೊಟ್ಟಿಯ ಚೂರನ್ನಷ್ಟೇ ಕೊಡಿ.

ಇಂತಿ ನಿನ್ನ ಸೋದರಮಾವ