ಕರ್ನಲ್ ಕೋಡಿನಲ್ಲಿ ಹೆಸರೇ ಹೊಣೆ ಹೇಳಲಿ

ಮಾನ್ಯ ಸಂಪಾದಕರೇ,

ಎಂಜಿನಿಯರಿಂಗ್ ಕಾಲೇಜುಗಳ ಆಪರೇಟಿಂಗ್ ಸಿಸ್ಟಂ ಲ್ಯಾಬ್‌ನಲ್ಲಿ ಪ್ರೋಗ್ರಾಂ ಓಡಿದರೆ ಸಾಕು, ಅಂಕ ಬರುತ್ತದೆ. ಫಂಕ್ಷನ್‌ಗೆ ಇಟ್ಟ ಹೆಸರು, ಅದರ ಮೇಲಿನ ಕಾಮೆಂಟು ಲೆಕ್ಕಕ್ಕೆ ಬರುವುದು ಅಪರೂಪ. ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಕೆಲಸದಲ್ಲಿ ಪೆಟ್ಟು ಬೀಳುವುದೇ ಅಲ್ಲಿ.

ಲಿನಕ್ಸನ್ನೇ ನೋಡಿ. ಪಿಸಿಐ (ಕಂಪ್ಯೂಟರಿಗೆ ಕಾರ್ಡು, ಸಾಧನಗಳನ್ನು ಜೋಡಿಸುವ ಬಸ್) ಕೋಡಿನಲ್ಲಿ ಡಿವೈಸ್ ಹುಡುಕುವ ಫಂಕ್ಷನ್‌ನ ಹೆಸರಲ್ಲಿ 'ಗೆಟ್' ಎಂದಿದ್ದರೆ ರೆಫರೆನ್ಸ್ ಕೌಂಟ್ (ಅದನ್ನು ಎಷ್ಟು ಕಡೆ ಬಳಸುತ್ತಿದ್ದಾರೆ ಎಂಬ ಎಣಿಕೆ) ಒಂದು ಏರುತ್ತದೆ, ಕೆಲಸ ಮುಗಿದ ಮೇಲೆ 'ಪುಟ್' ಮಾಡಿ ಇಳಿಸಬೇಕು. ಕೌಂಟ್ ಏರಿಸದ 'ಪಿಸಿಐ_ಫೈಂಡ್_ಡಿವೈಸ್' ಹೋಗಿ 'ಪಿಸಿಐ_ಗೆಟ್_ಡಿವೈಸ್' ಉಳಿದದ್ದು ಇದಕ್ಕೇ. ಇಷ್ಟು ಕಲಿತವರು ಡಿವೈಸ್ ಟ್ರೀ (ಬೋರ್ಡಿನ ಹಾರ್ಡ್‌ವೇರ್ ವಿವರಿಸುವ ಮರದಂಥ ಪಟ್ಟಿ; ಅದರ ಒಂದೊಂದು ನಮೂದೂ ಒಂದು ನೋಡ್) ಕೋಡಿಗೆ ಬಂದು 'ಓಎಫ್_ಫೈಂಡ್_ನೋಡ್_ಬೈ_ನೇಮ್' ಕಂಡರೆ, ಇದು ಬರೀ ಹುಡುಕುತ್ತದೆ ಅಂದುಕೊಳ್ಳುವುದು ಸಹಜ. (ಓಎಫ್ ಎಂದರೆ ಓಪನ್ ಫರ್ಮ್‌ವೇರ್ ಎಂಬುದೂ ಹೊಸಬರಿಗೆ ಹೊಳೆಯದು.) ಆದರೆ ಅದು ಸಿಕ್ಕ ನೋಡ್‌ನ ಕೌಂಟ್ ಏರಿಸುತ್ತದೆ, ಸಾಲದ್ದಕ್ಕೆ, ಎಲ್ಲಿಂದ ಹುಡುಕಬೇಕೆಂದು ನಾವು ಕೊಟ್ಟ ನೋಡ್‌ನ ಕೌಂಟನ್ನು ಇಳಿಸಿಯೂ ಬಿಡುತ್ತದೆ. ಮೊದಲನೆಯದು ಮರೆತರೆ ಮೆಮೊರಿ ಲೀಕ್, ಅಂದರೆ ಬಿಡುಗಡೆಯಾಗದೆ ಉಳಿಯುವ ಮೆಮೊರಿ. ಎರಡನೆಯದು ಮರೆತರೆ, ನಾವಿನ್ನೂ ಬಳಸುತ್ತಿರುವ ನೋಡ್ ಕೈಜಾರಿ, ಆಗಲೇ ಬಿಟ್ಟುಕೊಟ್ಟ ಮೆಮೊರಿಯನ್ನು ಓದುವ ಅಪಾಯ. ಓಡುವಾಗಲೇ ಡಿವೈಸ್ ಟ್ರೀ ಬದಲಿಸಲು ಬಿಡುವ ಡೈನಾಮಿಕ್ ಆಯ್ಕೆ ಹಾಕದೆ ಬಿಲ್ಡ್ ಮಾಡಿದ ಕರ್ನಲ್‌ನಲ್ಲಿ ಈ ಎಣಿಕೆಯೇ ನಡೆಯುವುದಿಲ್ಲ, ಹಾಗಾಗಿ ಟೆಸ್ಟ್‌ನಲ್ಲಿ ಎಲ್ಲವೂ ಸರಿ. ಓವರ್‌ಲೇ (ಡಿವೈಸ್ ಟ್ರೀಗೆ ಆಮೇಲೆ ಸೇರಿಸುವ ತುಣುಕು) ಹಾಕಿ ತೆಗೆಯುವ ಬೋರ್ಡಿಗೆ ಅದೇ ಡ್ರೈವರ್ ಹೋದಾಗ ಲಾಗ್‌ನಲ್ಲಿ ಎರರ್ ಕಾಣಿಸಿಕೊಳ್ಳುತ್ತದೆ. ಈ ನಿಯಮವೆಲ್ಲ ಕಾಮೆಂಟಿನಲ್ಲಿ ಸ್ಪಷ್ಟವಾಗಿಯೇ ಇದೆ. ಹೆಸರಿನಲ್ಲಿ ಇಲ್ಲ.

ಅಳತೆಯ ಕತೆಯೂ ಅದೇ. ಕಾಯಿಸುವ ಫಂಕ್ಷನ್ 'ಷೆಡ್ಯೂಲ್_ಟೈಮ್‌ಔಟ್'ಗೆ 100 ಕೊಟ್ಟರೆ ಅದು ಮಿಲಿಸೆಕೆಂಡ್ ಅಲ್ಲ, ಜಿಫಿ, ಅಂದರೆ ಕರ್ನಲ್ ಗಡಿಯಾರದ ಒಂದು ಟಿಕ್. ಸೆಕೆಂಡಿಗೆ ಎಷ್ಟು ಟಿಕ್ ಎಂಬುದೇ ಎಚ್‌ಝಡ್; ಅದು 1000 ಇದ್ದರೆ 100 ಮಿಲಿಸೆಕೆಂಡ್ ಕಾಯುತ್ತದೆ, 250 ಇದ್ದರೆ 400, ಎಚ್‌ಝಡ್ 100 ಆದರೆ ಪೂರ್ತಿ ಒಂದು ಸೆಕೆಂಡ್. ವೇರಿಯಬಲ್‌ಗೆ 'ಟೈಮ್‌ಔಟ್_ಎಂಎಸ್' ಎಂದು ಹೆಸರಿಟ್ಟು, ಮಿಲಿಸೆಕೆಂಡನ್ನು ಜಿಫಿಗೆ ಬದಲಿಸುವ 'ಎಂಸೆಕ್ಸ್_ಟು_ಜಿಫೀಸ್' ಮೂಲಕವೇ ಕಳಿಸುವ ರೂಢಿಯಿದ್ದರೆ, ತಪ್ಪಿದಾಗ ರಿವ್ಯೂ ಮಾಡುವವರ ಕಣ್ಣಿಗೆ ತಟ್ಟನೆ ಬೀಳುತ್ತದೆ.

ಇನ್ನು ಕರ್ನಲ್-ಡಾಕ್ ಎಂಬ ನಿಗದಿತ ರೂಪದ ಕಾಮೆಂಟ್: ಫಂಕ್ಷನ್ ಹೆಸರು, ಪ್ರತಿ ಪ್ಯಾರಾಮೀಟರಿಗೆ ಒಂದು ಸಾಲು, 'ಕಾಂಟೆಕ್ಸ್ಟ್' (ಸ್ಲೀಪ್ ಆಗಬಹುದೇ, ಯಾವ ಲಾಕ್ ಹಿಡಿದಿರಬೇಕು), ಕೊನೆಗೆ 'ರಿಟರ್ನ್'. ಬಿಲ್ಡ್ ಮಾಡುವ 'ಮೇಕ್' ಆದೇಶದ ಜೊತೆ ಡಬ್ಲ್ಯೂ=1 ಕೊಟ್ಟರೆ ಬಿಟ್ಟುಹೋದ ಪ್ಯಾರಾಮೀಟರನ್ನು ಕಂಪ್ಯೂಟರೇ ತೋರಿಸುತ್ತದೆ; ಬರೆದದ್ದು ನಿಜವೇ ಎಂದು ನೋಡುವವರು ಮನುಷ್ಯರೇ ಆಗಬೇಕು. ಅಧ್ಯಾಪಕರು ಲ್ಯಾಬ್ ವೈವಾದಲ್ಲಿ ಆ ರಿಟರ್ನ್ ಸಾಲನ್ನು ಓದಿಸಿ, ಈ ಪಾಯಿಂಟರನ್ನು ಯಾರು, ಯಾವಾಗ ಬಿಡಬೇಕು ಎಂದು ಕೇಳಲಿ. ಉತ್ತರ ಕಾಮೆಂಟಿನಲ್ಲಿ ಸಿಗದಿದ್ದರೆ ಅಂಕ ಕಳೆಯಲಿ.

– ಕರ್ನಲ್ ಡೆವಲಪರ್, ಬೆಂಗಳೂರು